ಮೆಕ್ಸಿಕನ್ ಮದುವೆಗೆ ಡೇರೆ ಹೂ, ಸುಗಂಧರಾಜ: ನನ್ನ ಅನುಭವ

ಮದುವೆಯ ಹೂವಿನ ಕೆಲಸಕ್ಕೆ ಡೇರೆ (ಡೇಲಿಯಾ) ಹೂವನ್ನು ನಂಬಬೇಡ ಅಂತ ನನಗೆ ಹೇಳದವರಿಲ್ಲ. ಬೆಳಿಗ್ಗೆ ಜೋರಾಗಿ ಕಾಣುತ್ತದೆ, ಸಂಜೆ ಫೋಟೋ ಹೊತ್ತಿಗೆ ಹಿಂದಿನ ಎಸಳು ಉದುರಲು ಶುರುವಾಗುತ್ತದೆ ಅನ್ನುತ್ತಾರೆ. ಸುಗಂಧರಾಜವನ್ನು ಪೋಣಿಸಿ ಹುಡುಗ ಹುಡುಗಿಯ ಹೆಗಲಿಗೆ ಹಾಕಿಸುತ್ತೇನೆ ಅಂದಾಗಲಂತೂ ಇಲ್ಲಿನ ಹೂವಿನವರು ಸುಮ್ನೆ ತಲೆಯಾಡಿಸಿದರು. ಕಳೆದ ವರ್ಷ ಆಗಸ್ಟ್ ಕೊನೆಗೆ ಇಲ್ಲೇ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಒಂದು ಮೆಕ್ಸಿಕನ್ ಕುಟುಂಬದ ಮದುವೆಗೆ ಎರಡನ್ನೂ ಬಳಸಿದೆ. ಮಧ್ಯಾಹ್ನ ಒಂದಕ್ಕೆ ಚರ್ಚ್, ರಾತ್ರಿ ಹನ್ನೊಂದರ ತನಕ ಹಾಲ್. ಸಾಮಾನು ಎತ್ತಲು ಹೋದಾಗ ನೂರು ಡೇರೆಯಲ್ಲಿ ಐದಾರು ಬಾಡಿದ್ದವು, ಅಷ್ಟೇ. ಆಮೇಲೆ ಅದೇ ರೀತಿ ಇನ್ನೂ ಕೆಲವು ಮದುವೆ ಮಾಡಿಕೊಟ್ಟೆ. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು.

ಮೊದಲು ಹೂ ಆರಿಸುವ ವಿಷಯ. ಇಲ್ಲಿ ಮೆಕ್ಸಿಕನ್ ಮದುವೆ ಅಂದ ತಕ್ಷಣ ಡೆಕೊರೇಟರ್‌ಗಳು ಗಾಢ ಗುಲಾಬಿ ಬಣ್ಣದ ಜರ್ಬೆರಾ, ಈಕ್ವೆಡಾರ್‌ನಿಂದ ಬಂದ ಕಿತ್ತಳೆ ಗುಲಾಬಿ, ಮೇಜಿಗೊಂದು ಕಳ್ಳಿ ಗಿಡ ಇಟ್ಟುಬಿಡುತ್ತಾರೆ. ಬಣ್ಣ ಜಾಸ್ತಿ ಇದ್ದರೆ ಮೆಕ್ಸಿಕೋ ಆಯಿತು ಅಂತ ಲೆಕ್ಕ. ನನಗೆ ಅದು ಸರಿ ಅನ್ನಿಸಲಿಲ್ಲ. ಆ ನೆಲದಲ್ಲೇ ಹುಟ್ಟಿದ ಹೂಗಳು ಅಷ್ಟೊಂದು ಇರುವಾಗ ಬೇರೆ ಯಾಕೆ? ಡೇರೆ, ಸುಗಂಧರಾಜ, ಚೆಂಡು ಹೂ, ಜಿನ್ನಿಯಾ, ಕಾಸ್ಮಾಸ್, ಎಲ್ಲದರ ತವರೂ ಮೆಕ್ಸಿಕೋ. ನಮ್ಮ ದೇವಸ್ಥಾನದ ಅಂಗಳದ ದೇವಕಣಗಿಲೆಯೂ ಆ ಕಡೆಯದೇ. ನಾನು ಸಕಲೇಶಪುರ ಕಡೆಯವಳು. ಮಳೆಗಾಲದಲ್ಲಿ ಮನೆ ಮುಂದೆ ಡೇರೆ ಗಡ್ಡೆ ನೆಟ್ಟು, ಕೋಲು ಕೊಟ್ಟು ಬೆಳೆದವಳು. ಆ ಡೇರೆಯನ್ನೇ ಮೆಕ್ಸಿಕೋ 1963ರಲ್ಲಿ ರಾಷ್ಟ್ರೀಯ ಹೂವು ಅಂತ ಘೋಷಿಸಿದೆ ಅಂತ ತಿಳಿದಾಗ ಬಹಳ ಖುಷಿಯಾಗಿತ್ತು.

ಆದರೆ ದೇಶ ನೋಡಿದರೆ ಸಾಲದು, ಮನೆತನದ ಊರನ್ನೂ ಕೇಳಬೇಕು. ಆ ಆಗಸ್ಟ್ ಮದುವೆಯ ಹುಡುಗಿಯ ಅಜ್ಜಿ ಮೆಕ್ಸಿಕೋದ ಮಿಚೊಆಕಾನ್ ರಾಜ್ಯದವರು, ಪಾಟ್ಸ್‌ಕ್ವಾರೊ ಸರೋವರದ ಹತ್ತಿರದ ಊರು. ಹುಡುಗಿ ಯಾವುದೋ ಭಾರತೀಯ ಮದುವೆಯ ಫೋಟೋ ನೋಡಿ, ಚರ್ಚ್ ಬಾಗಿಲಿಗೆ ಚೆಂಡು ಹೂವಿನ ತೋರಣ ಬೇಕು ಅಂದಿದ್ದಳು. ನಾನು ಮಾದರಿಗೆ ಒಂದು ಮೊಳ ಕಟ್ಟಿಕೊಂಡು ಹೋದೆ. ಅಜ್ಜಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೇಜಿನಿಂದ ಎತ್ತಿ, ತೀರಿಹೋದ ಗಂಡನ ಫೋಟೋ ಮುಂದೆ ಇಟ್ಟರು. ಬೈಯಲಿಲ್ಲ, ಏನೂ ಹೇಳಲಿಲ್ಲ. ಪಾಟ್ಸ್‌ಕ್ವಾರೊ ಸುತ್ತಮುತ್ತ ನವೆಂಬರ್ 1 ಮತ್ತು 2ರಂದು, ಸತ್ತವರ ಹಬ್ಬಕ್ಕೆ, ಸಮಾಧಿಗಳನ್ನೆಲ್ಲ ಇದೇ ಹೂವಿನಿಂದ ಮುಚ್ಚುತ್ತಾರೆ. ತೀರಿಹೋದವರಿಗೆ ಮನೆ ದಾರಿ ತೋರಿಸುವ ಹೂ ಅದು. ನಮಗೆ ಬಾಗಿಲ ತೋರಣ, ಅವರಿಗೆ ಹಿರಿಯರ ಎಡೆ. ಚೆಂಡು ಹೂವನ್ನು ಪಟ್ಟಿಯಿಂದಲೇ ತೆಗೆದೆ. ಕಿತ್ತಳೆ ಬಣ್ಣಕ್ಕೆ ಜಿನ್ನಿಯಾ ಮತ್ತು ಉಂಡೆಯಂತೆ ದುಂಡಗಿನ ಬಾಲ್ ಡೇರೆ ಬಂದವು. ಚೆಂಡು ಹೂವೇ ಬೇಕು ಅನ್ನುವ ಜೋಡಿಗಳೂ ಇಲ್ಲಿ ಸಿಗುತ್ತಾರೆ. ಅಂಥವರಿಗೂ ಮನೆಯ ಹಿರಿಯರು ಒಪ್ಪಿದ ಮೇಲೆಯೇ ನಾನು ಹಾಕುವುದು.

ಬಿಳಿ ಆಲ್ಕತ್ರಾಸ್, ಅಂದರೆ ಕಾಲಾ ಲಿಲಿ, ಎಲ್ಲ ಮನೆಯವರೂ ಕೇಳುತ್ತಾರೆ. ಅದರ ಮೂಲ ದಕ್ಷಿಣ ಆಫ್ರಿಕಾ. ಆದರೆ ಮೆಕ್ಸಿಕೋದ ಚಿತ್ರಕಾರ ದಿಯೆಗೊ ರಿವೆರಾ ಅದನ್ನು ಹೊತ್ತ ಹೆಂಗಸರ ಚಿತ್ರಗಳನ್ನು ಬರೆದ ಮೇಲೆ ಅದು ಮೆಕ್ಸಿಕೋದ್ದೇ ಆಗಿಹೋಗಿದೆ. ನಾನು ಇಲ್ಲ ಅನ್ನುವುದಿಲ್ಲ. ಕನ್ಯೆ ಮೇರಿಗೆ ಅರ್ಪಿಸುವ ಬೊಕೆಗೆ ಅದನ್ನೇ ಹಾಕುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಗಮನಿಸಿ: ಮದುಮಗಳಿಗೆ ಒಂದು ಬೊಕೆ ಸಾಲದು. ತನ್ನದೊಂದು, ಗ್ವಾದಲೂಪೆಯ ಕನ್ಯೆಗೆ, ಅಂದರೆ ಮೆಕ್ಸಿಕೋದವರು ಪೂಜಿಸುವ ಮೇರಿಗೆ, ಇಡಲು ಒಂದು, ಎಸೆಯಲು ಒಂದು. ಕೊಟೇಶನ್‌ನಲ್ಲೇ ಮೂರನ್ನೂ ಬರೆಯಿರಿ. ಹಣ ಕೊಡುವವರೂ ಬೇರೆ ಬೇರೆ. ಪದ್ರೀನೊ, ಮದ್ರೀನಾ ಅಂತ ನೆಂಟರಿಷ್ಟರು ಒಂದೊಂದು ಖರ್ಚು ವಹಿಸಿಕೊಳ್ಳುತ್ತಾರೆ. ಬೊಕೆಗೆ ಅತ್ತೆ, ಜೋಡಿಯ ಹೆಗಲಿಗೆ ಹಾಕುವ ಲಾಸೊಗೆ ಚಿಕ್ಕಪ್ಪ, ಹಾಲ್ ಹೂವಿಗೆ ಮತ್ಯಾರೋ. ಒಂದೇ ಬಿಲ್ ಮಾಡಿದರೆ ದುಡ್ಡು ವಸೂಲಿಗೆ ತಿಂಗಳುಗಟ್ಟಲೆ ಅಲೆಯಬೇಕು. ನಾನು ಈಗ ಬಿಲ್ಲನ್ನೇ ಬೇರೆ ಬೇರೆ ಹಾಳೆಯಲ್ಲಿ ಕೊಡುತ್ತೇನೆ.

ಇನ್ನು ಡೇರೆ. ಆ ಮದುವೆಯ ಹಿಂದಿನ ವರ್ಷ ಇನ್ನೊಂದು ಮದುವೆಗೆ ಎಲ್ಲರೂ ಆಸೆಪಡುವ ಕೆಫೆ ಓ ಲೇ ಅನ್ನುವ ಡೇರೆ ತರಿಸಿದ್ದೆ, ಊಟದ ತಟ್ಟೆಯಷ್ಟು ಅಗಲದ್ದು. ಒಬ್ಬ ಹೋಲ್‌ಸೇಲ್ ವ್ಯಾಪಾರಿ ತಾಜಾ ಅಂತ ಕೊಟ್ಟ ಪೆಟ್ಟಿಗೆ ಕೂಲರ್‌ನಲ್ಲಿ ಎಷ್ಟು ದಿನ ಕೂತಿತ್ತೋ, ಕೈಗೆತ್ತಿಕೊಂಡರೆ ಎಸಳು ಕೈಯಲ್ಲೇ ಬರುತ್ತಿತ್ತು. ಸುಮಾರು 350 ಡಾಲರ್ ಹೋಯಿತು. ರಾತ್ರೋರಾತ್ರಿ ಬೇರೆ ಹೂ ತಂದಿದ್ದಕ್ಕೆ ಇನ್ನೂರು ಬೇರೆ. ಅವತ್ತಿನಿಂದ ಮಧ್ಯವರ್ತಿಯನ್ನು ಬಿಟ್ಟೆ. ವಾಟ್ಸನ್‌ವಿಲ್ ಕಡೆ ಸಮುದ್ರದ ಮಂಜು ಬೀಳುವ ಜಾಗದಲ್ಲಿ ಒಬ್ಬ ಬೆಳೆಗಾರ ಸಿಕ್ಕಿದ, ಅವನ ಮನೆಯವರೂ ಮಿಚೊಆಕಾನ್‌ನವರೇ. ಶನಿವಾರದ ಮದುವೆಗೆ ಗುರುವಾರ ಬೆಳಕು ಹರಿಯುವ ಮುಂಚೆ ಕೊಯ್ಯಬೇಕು ಅಂತ ಮಾತು. ಹತ್ತು ಹೂವಿನ ಬಂಚ್‌ಗೆ ಹತ್ತೋ ಹನ್ನೆರಡೋ ಡಾಲರ್. ಮಾರ್ಕೆಟ್‌ಗಿಂತ ಎರಡು ಮೂರು ಡಾಲರ್ ಕಡಿಮೆಯೇ ಬಿತ್ತು.

ಜಾತಿ ಮುಖ್ಯ. ಅಗಲ ಹೂವಿನ ಆಸೆ ಬಿಡಿ. ಬಾಲ್, ಪಾಂಪಾನ್ ತಗೊಳ್ಳಿ. ಎಸಳು ಒಳಮುಖವಾಗಿ ಸುರುಳಿ ಸುತ್ತಿಕೊಂಡು ಗಟ್ಟಿಯಾಗಿ ಕೂತಿರುತ್ತವೆ. ಕಡುಗೆಂಪಿಗೆ ಕಾರ್ನೆಲ್, ಕಿತ್ತಳೆಗೆ ಕಾರ್ನೆಲ್ ಬ್ರಾಂಜ್ ನನಗೆ ಕೈಕೊಟ್ಟಿಲ್ಲ. ಕೊಯ್ದ ಮೇಲೆ ಡೇರೆ ಮೊಗ್ಗು ಅರಳುವುದಿಲ್ಲ, ಮುಕ್ಕಾಲು ಅರಳಿದ್ದನ್ನೇ ಕೊಯ್ಯಿಸಿ. ಹೂವನ್ನು ತಿರುಗಿಸಿ ಬೆನ್ನು ನೋಡಿ. ಹಿಂದಿನ ಸಾಲಿನ ಎಸಳು ಕಾಗದದಂತೆ ತೆಳ್ಳಗಾಗಿದ್ದರೆ ಎರಡನೇ ಮಾತಿಲ್ಲದೆ ವಾಪಸ್. ಹೂ ಬೇಗ ಬಾಡದಿರಲು ಕೊಯ್ದ ದಂಟಿಗೆ ಬಿಸಿ ನೀರು ಕೊಡುವ ವಿಧಾನ ಒಂದಿದೆ. ನಾನು ಎಪ್ಪತ್ತು ಡಿಗ್ರಿ ಸೆಲ್ಸಿಯಸ್ ಮೇಲಿನ ನೀರಲ್ಲಿ ದಂಟಿನ ಬುಡ ಇಟ್ಟು, ತಾನಾಗಿ ಆರುವ ತನಕ ಬಿಡುತ್ತೇನೆ. ಹೆಚ್ಚುಕಡಿಮೆ ಒಂದು ಗಂಟೆ. ಆಮೇಲೆ ನೀರಿಗೆ ಏನು ಸೇರಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಓಯಸಿಸ್, ಅಂದರೆ ಹೂ ಚುಚ್ಚಿಡುವ ಹಸಿರು ಫೋಮ್, ಮಾತ್ರ ಡೇರೆಗೆ ಬೇಡ. ಕೋಳಿ ಜಾಲರಿ ಮತ್ತು ನೀರು, ಅಷ್ಟೇ. ಜಿನ್ನಿಯಾಗೆ ದಂಟು ಹಿಡಿದು ಅಲ್ಲಾಡಿಸುವ ಪರೀಕ್ಷೆ ತಪ್ಪಿಸಬೇಡಿ, ಕುತ್ತಿಗೆ ಬಾಗಿದರೆ ಅದು ಇನ್ನೂ ಎಳೆಯದು.

ಎಲ್ಲಕ್ಕಿಂತ ನನಗೆ ಹೆಮ್ಮೆ ತಂದಿದ್ದು ಲಾಸೊ. ವಚನ ಆದ ಮೇಲೆ ಇಬ್ಬರ ಹೆಗಲಿಗೂ ಎಂಟರ ಆಕಾರದಲ್ಲಿ ಹಾಕುವ ಜೋಡಿ ಕುಣಿಕೆ ಅದು. ಸಾಮಾನ್ಯವಾಗಿ ಮಣಿಯದ್ದೋ, ಬಟ್ಟೆ ಹೂವಿನದ್ದೋ ಇರುತ್ತದೆ. ನಾನು ತಾಜಾ ಸುಗಂಧರಾಜದಲ್ಲಿ ಮಾಡಿದೆ. ಮೊದಲು ನಮ್ಮ ಮದುವೆ ಹಾರದ ಹಾಗೆ ಅಡ್ಡ ಪೋಣಿಸಿ ನೋಡಿದೆ. ನೋಡಲು ಚೆಂದ, ಆದರೆ ಒಂದೂವರೆ ಕಿಲೋ ಮೇಲೆ ತೂಕ. ಪೂಜೆ ಮುಗಿಯುವ ತನಕ ಅರ್ಧ ಗಂಟೆ ಹೊತ್ತು ಮಂಡಿಯೂರಲು ಆಗುವುದಿಲ್ಲ. ದೇವಕಣಗಿಲೆಯಲ್ಲೂ ಪ್ರಯತ್ನಿಸಿದೆ. ಬೆರಳು ತಾಗಿದಲ್ಲೆಲ್ಲ ಕಲೆ. ಕೊನೆಗೆ ಸುಗಂಧರಾಜದ ಕೊಳವೆಯನ್ನು ಸ್ವಲ್ಪ ಕತ್ತರಿಸಿ, ಉದ್ದಕ್ಕೆ ಸೂಜಿ ಹಾಯಿಸಿ, ಒಂದರ ಬಾಯಿಗೆ ಇನ್ನೊಂದರ ಬಾಲ ಕೂರಿಸಿದೆ. ಸಣ್ಣ ಹಗ್ಗದಂತೆ ಬಂತು. ಒಂದೊಂದು ಕುಣಿಕೆ ಐದಡಿ ಸುತ್ತಳತೆ, ಒಟ್ಟು ನೂರೈವತ್ತರ ಹತ್ತಿರ ಹೂ. ತೂಕ ಕಾಲು ಕಿಲೋ ಇರಬಹುದು.

ಇದಕ್ಕೆ ಒಂದೇ ಸುತ್ತು ಎಸಳಿನ ಸಿಂಗಲ್ ಜಾತಿಯೇ ಬೇಕು. ಡಬಲ್ ಹೂವಿನ ಬಾಯಿ ಒಳಗೆ ಇನ್ನೊಂದು ಕೂರುವುದಿಲ್ಲ. ಇಲ್ಲಿನ ಮಾರ್ಕೆಟ್‌ನಲ್ಲಿ ನನಗೆ ಸಿಗುವುದು ಡಬಲ್ಲೇ ಜಾಸ್ತಿ. ಬೆಂಗಳೂರು ಹತ್ತಿರದ ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತಂದ ಪ್ರಜ್ವಲ್ ತಳಿ ಇದ್ದರೆ ಎಷ್ಟು ಚೆನ್ನ ಅನ್ನಿಸುತ್ತದೆ. ಅದು ಶೃಂಗಾರ್ ಮತ್ತು ಮೆಕ್ಸಿಕನ್ ಸಿಂಗಲ್ ಅನ್ನುವ ತಳಿಗಳನ್ನು ಸೇರಿಸಿ ಮಾಡಿದ್ದು, ಮೊಗ್ಗು ದಪ್ಪ. ಕಂದು ಬಣ್ಣ ತಿರುಗದಿರಲು, ಮಾರನೇ ದಿನ ಅರಳುವ ಮೊಗ್ಗನ್ನು ಮಾತ್ರ ಆರಿಸಿ, ಕೈ ಒದ್ದೆ ಇಟ್ಟುಕೊಂಡು ಪೋಣಿಸಿ. ರಾತ್ರಿ ಯಾವುದರಲ್ಲಿ ಸುತ್ತಿಡುತ್ತೇನೆ ಅನ್ನುವುದು ನನ್ನ ಅಮ್ಮನ ವಿದ್ಯೆ, ಅದನ್ನು ಬರೆಯುವುದಿಲ್ಲ.

ನಡುವೆ ಒಂದು ಬೇರೆ ಪ್ರಯೋಗ. ಮೊರೆಲೊಸ್ ರಾಜ್ಯದ ಮನೆತನದ ಹುಡುಗನೊಬ್ಬನ ಮದುವೆ ಸೆಪ್ಟೆಂಬರ್ ಕೊನೆಗಿತ್ತು. ಅಲ್ಲಿ ಸಂತ ಮಿಗೆಲ್ ಹಬ್ಬದ ಹಿಂದಿನ ದಿನ, ಸೆಪ್ಟೆಂಬರ್ 28ಕ್ಕೆ, ಪೆರಿಕೋನ್ ಹೂವಿನ ಶಿಲುಬೆ ಮಾಡಿ ಬಾಗಿಲಿಗೆ, ಹೊಲಕ್ಕೆ ಕಟ್ಟುತ್ತಾರೆ. ಚೆಂಡು ಹೂವಿನ ಜಾತಿಯದೇ, ಸಣ್ಣ ಹಳದಿ ಹೂ, ಸೋಂಪಿನ ವಾಸನೆ. ಕುಂಡದಲ್ಲಿ ಬೆಳೆಸಿ ಹುಡುಗನ ಕೋಟಿಗೆ ಒಂದೊಂದು ಕಡ್ಡಿ ಸಿಕ್ಕಿಸಿದೆ. ಅವನ ತಂದೆ ಬಗ್ಗಿ ಮೂಸಿ ನೋಡಿ ನನ್ನ ಕೈ ಹಿಡಿದುಕೊಂಡರು. ಖರ್ಚು ನಾಲ್ಕು ಡಾಲರ್ ಬೀಜ. ದಪ್ಪ ಎಲೆಯ ಪುಟ್ಟ ಗಿಡ ಎಕೆವೇರಿಯಾವನ್ನು ಕೋಟಿಗೆ ಹಾಕಿದ್ದು ಮಾತ್ರ ಕೆಲಸಕ್ಕೆ ಬರಲಿಲ್ಲ. ಭಾರಕ್ಕೆ ತಲೆಕೆಳಗಾಗಿ ನೇತಾಡಿತು. ಈಗ ಅದನ್ನು ಸಣ್ಣ ಮಣ್ಣಿನ ಕುಂಡದಲ್ಲಿ ನೆಂಟರಿಗೆ ಉಡುಗೊರೆ ಕೊಡಲು ಮಾರುತ್ತೇನೆ, ಅದರಲ್ಲೇ ಲಾಭ.

ಆಗಸ್ಟ್ ಮದುವೆಯ ಲೆಕ್ಕ ಸ್ಥೂಲವಾಗಿ ಹೀಗೆ: ಒಟ್ಟು ತಗೊಂಡಿದ್ದು 3,800 ಡಾಲರ್. ಹೂವಿಗೆ 1,100, ಇಬ್ಬರು ಸಹಾಯಕ್ಕೆ ಆರು ನೂರು, ವ್ಯಾನ್, ಪಾತ್ರೆ ಬಾಡಿಗೆ ಸೇರಿ ನಾಲ್ಕೈದು ನೂರು. ಆಮದು ಗುಲಾಬಿಯಲ್ಲಿ ಇಷ್ಟೇ ಕೆಲಸ ಮಾಡಿದ್ದರೆ ಹೂವಿಗೇ 1,700 ದಾಟುತ್ತಿತ್ತು.

ನೀವೂ ಮಾಡುವುದಾದರೆ ಸುಗಂಧರಾಜದ ಮಾತನ್ನು ಬೇಗ ಆಡಿ. ಬೆಳೆಗಾರರು ಗಡ್ಡೆ ನೆಡುವುದು ವಸಂತದಲ್ಲಿ. ಸಿಂಗಲ್ ಬೇಕು ಅಂತ ಮಾರ್ಚ್ ಒಳಗೆ ಹೇಳಿ ಮುಂಗಡ ಕೊಟ್ಟರೆ ಆಗಸ್ಟ್‌ಗೆ ಸಿಗುತ್ತದೆ. ಜೂನ್‌ನಲ್ಲಿ ಕೇಳಿದರೆ ಡಬಲ್ಲೇ ಗತಿ.