ಪೋರ್ಷೆ 911: ಯಾವ ಕೆಲಸ ಮನೆಯಲ್ಲಿ, ಯಾವುದು ಸರ್ವೀಸ್ ಸೆಂಟರಿನಲ್ಲಿ

ಇಲ್ಲಿ ಬರೆದಿರುವುದೆಲ್ಲ ಒಂದೇ ಕಾರಿನ ಲೆಕ್ಕ. 2006ರ ಪೋರ್ಷೆ 911 ಕ್ಯಾರೆರಾ ಎಸ್, ಅಂದರೆ 997 ಎಂಬ ಸಂಕೇತದ ತಲೆಮಾರಿನ ಮೊದಲ ಸರಣಿ; 3.8 ಲೀಟರಿನ ಎಂ97 ಎಂಜಿನ್, ಮ್ಯಾನ್ಯುಯಲ್ ಗೇರ್, ಬಲಬದಿಯ ಸ್ಟೀರಿಂಗ್. ನಿಲ್ಲುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ವಾರಂಟಿ ಮುಗಿದು ಎಷ್ಟೋ ಕಾಲವಾಗಿದೆ. ನಿಮ್ಮ ಕಾರು ಇನ್ನೂ ವಾರಂಟಿಯಲ್ಲಿದ್ದರೆ ಮುಂದಿನದನ್ನು ತಿಳಿವಳಿಕೆಗೆ ಮಾತ್ರ ಓದಿ, ಸ್ಪ್ಯಾನರ್ ಮುಟ್ಟಬೇಡಿ. ಉಳಿಯುವ ಲೇಬರ್ ಚಾರ್ಜಿಗಿಂತ ತಿರಸ್ಕೃತವಾಗುವ ಒಂದು ಕ್ಲೇಮು ಬಹಳ ದೊಡ್ಡದು.

ಯಾವುದನ್ನು ನಾವೇ ಮಾಡಬೇಕು ಎಂಬುದನ್ನು ಕೆಲಸದ ಕಷ್ಟದಿಂದ ಅಳೆಯಬಾರದು. ತಪ್ಪಾದರೆ ಆ ತಪ್ಪು ಎಲ್ಲಿ ಗೊತ್ತಾಗುತ್ತದೆ ಎಂದು ನೋಡಬೇಕು. ಆಯಿಲ್ ಡ್ರೈನ್ ಪ್ಲಗ್ ಸರಿಯಾಗಿ ಕೂರದಿದ್ದರೆ ಹತ್ತು ನಿಮಿಷದಲ್ಲಿ ಕೆಳಗೆ ಹಾಸಿದ ರಟ್ಟಿನ ಮೇಲೆ ಹನಿ ಬೀಳುತ್ತದೆ. ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್‌ನ ಕನೆಕ್ಟರ್ ಪೂರ್ತಿ ಕೂರದಿದ್ದರೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ನಡುಗುತ್ತದೆ. ಬ್ರೇಕಿನಲ್ಲಿ ಗಾಳಿ ಉಳಿದರೆ ಕಾರು ಕದಲುವ ಮೊದಲೇ ಪೆಡಲ್ ಮೆತ್ತಗಾಗಿ ಹೇಳುತ್ತದೆ. ಇವೆಲ್ಲ ಮನೆಯ ಕೆಲಸಗಳು. ಕೂಲಂಟ್ ಬದಲಿಸುವಾಗ ಒಳಗೆ ಉಳಿದ ಗಾಳಿ ಮಾತ್ರ ಬೇಸ್‌ಮೆಂಟಿನಲ್ಲಿ ಸುಳಿವು ಕೊಡದೆ ಹೈವೇಯಲ್ಲಿ ಹೆಡ್ ಕಾಯಿಸುತ್ತದೆ. ಹಾಗಾಗಿ ವ್ಯಾಕ್ಯೂಮ್ ಫಿಲ್ಲರ್ (ಒಳಗಿನ ಗಾಳಿ ಎಳೆದು ಕೂಲಂಟ್ ತುಂಬುವ ಉಪಕರಣ) ಇಲ್ಲದವರು ಅದಕ್ಕೆ ಕೈ ಹಾಕಬಾರದು. ಏರ್‌ಬ್ಯಾಗ್, ಸ್ಟೀರಿಂಗ್, ಕ್ಲಚ್ ಪ್ಲೇಟ್, ಎಂಜಿನ್ ಟೈಮಿಂಗ್ ಇವೂ ಅದೇ ಜಾತಿಗೆ ಸೇರಿದವು.

ಮೊದಲು ಕಾರನ್ನು ಎತ್ತುವ ವಿಚಾರ. ಜೀವಕ್ಕೆ ಅಪಾಯ ಇರುವುದು ಇಲ್ಲಿ. 911ರ ಹೊಟ್ಟೆ ತಗ್ಗು, ಮಾಮೂಲಿ ಜಾಕ್ ಕೆಳಗೆ ನುಗ್ಗುವುದೇ ಇಲ್ಲ; ಲೋ ಪ್ರೊಫೈಲ್ ಜಾಕ್ ಬೇಕು, ತಲೆಯ ಮೇಲೆ ರಬ್ಬರ್ ಪ್ಯಾಡ್ ಇರಬೇಕು. ಜಾಕ್ ಕೊಡಲು ಕಂಪನಿಯೇ ಗುರುತಿಸಿದ ನಾಲ್ಕು ಜಾಗಗಳಿವೆ. ಬಾಡಿ ಎಷ್ಟು ಬಿಗಿ ಎಂದರೆ ಹಿಂದಿನ ಪಾಯಿಂಟಿನಿಂದ ಎತ್ತಿದರೆ ಅದೇ ಬದಿಯ ಮುಂದಿನ ಚಕ್ರವೂ ಮೇಲೇಳುತ್ತದೆ, ಆಗ ಮುಂದಿನ ಪಾಯಿಂಟಿಗೆ ಸ್ಟ್ಯಾಂಡ್ ಕೊಡಬಹುದು. ಒಂದೇ ಸಲಕ್ಕೆ ಪೂರ್ತಿ ಎತ್ತದೆ ಎರಡೂ ಬದಿಗೆ ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಹೋಗಬೇಕು. ಬೇಸ್‌ಮೆಂಟಿನ ನೆಲಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಕಿದ್ದರೆ ಸ್ಟ್ಯಾಂಡಿನ ಕಾಲು ಕುಸಿಯುತ್ತದೆ; 18 ಮಿ.ಮೀ. ಪ್ಲೈವುಡ್ ತುಂಡನ್ನು ಅಡಿಗೆ ಇಡಿ. ಸ್ಟ್ಯಾಂಡ್ ಮೇಲೆ ಕೂತ ಕಾರನ್ನು ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿದ ಮೇಲೆಯೇ ಅಡಿಗೆ ಹೋಗುವುದು. ಜಾಕನ್ನಷ್ಟೇ ನಂಬಿ ಯಾರೂ ಯಾವತ್ತೂ ಕಾರಿನಡಿ ಮಲಗಬಾರದು. ಚಕ್ರದ ಬೋಲ್ಟುಗಳಿಗೆ 19 ಮಿ.ಮೀ. ಸಾಕೆಟ್, ವಾಪಸ್ ಹಾಕುವಾಗ ಟಾರ್ಕ್ ರೆಂಚಿನಿಂದ (ಬಿಗಿತ ಅಳೆಯುವ ರೆಂಚ್) 130 ನ್ಯೂಟನ್ ಮೀಟರ್, ಎದುರುಬದುರು ಕ್ರಮದಲ್ಲಿ.

ಆಯಿಲ್ ಬದಲಿಸುವ ಕೆಲಸವನ್ನು ನಾನು ವರ್ಷಕ್ಕೊಮ್ಮೆ ಇಲ್ಲವೇ 8,000 ಕಿ.ಮೀ.ಗೆ, ಯಾವುದು ಮೊದಲೋ ಆಗ ಮಾಡುತ್ತೇನೆ. ಕಂಪನಿ ಕೊಟ್ಟಿರುವ ಅಂತರ ಇದಕ್ಕಿಂತ ಉದ್ದ. ಆದರೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕಾರು ಓಡುವುದಕ್ಕಿಂತ ನಿಂತು ಉರಿಯುವುದೇ ಹೆಚ್ಚು. ಆ ಗಂಟೆಗಳನ್ನು ಕಿ.ಮೀ. ಮೀಟರ್ ಎಣಿಸುವುದಿಲ್ಲ. ಡಬ್ಬಿಯ ಮೇಲೆ ಪೋರ್ಷೆ ಎ40 ಅನುಮೋದನೆ ಬರೆದಿರಲೇಬೇಕು. 0ಡಬ್ಲ್ಯೂ-40 ಆಗುತ್ತದೆ, ನಮ್ಮ ಹವೆಗೆ 5ಡಬ್ಲ್ಯೂ-40 ಕೂಡ ಚೆನ್ನಾಗಿಯೇ ಹೊಂದುತ್ತದೆ. ಸುಮಾರು 8 ಲೀಟರ್ ಹಿಡಿಯುತ್ತದೆ, 9 ಲೀಟರ್ ತಂದಿಟ್ಟುಕೊಳ್ಳಿ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನಿಲ್ಲಿಸಿ, ಕಾರನ್ನು ಮಟ್ಟಸವಾಗಿ ಎತ್ತಿ, 8 ಮಿ.ಮೀ. ಅಲೆನ್ ಬಿಟ್ಟಿನಿಂದ ಡ್ರೈನ್ ಪ್ಲಗ್ ಬಿಚ್ಚಿ. ಕಾರು ಓರೆಯಾಗಿದ್ದರೆ ಹಳೇ ಆಯಿಲ್ ಒಳಗೇ ಉಳಿಯುತ್ತದೆ. ಹತ್ತು ಲೀಟರಿಗಿಂತ ದೊಡ್ಡ ತೊಟ್ಟಿ ಇರಲಿ. ಮಾಮೂಲಿ ಕಾರಿನ ನಾಲ್ಕು ಲೀಟರಿನ ಟ್ರೇ ಇಟ್ಟರೆ ನೆಲವೆಲ್ಲ ಆಯಿಲ್. ಅರ್ಧ ಗಂಟೆ ಸೋರಲು ಬಿಡಿ. ಫಿಲ್ಟರಿನ ಪ್ಲಾಸ್ಟಿಕ್ ಡಬ್ಬಿಗೆ 74 ಮಿ.ಮೀ., 14 ಮುಖದ ಕಪ್ ರೆಂಚ್ ಬೇಕು. ಸರಪಳಿ ರೆಂಚಿನಿಂದ ತಿರುಗಿಸಿದರೆ ಡಬ್ಬಿ ಬಿರುಕು ಬಿಡುತ್ತದೆ. ಆ ಡಬ್ಬಿಯೊಳಗೂ ಆಯಿಲ್ ತುಂಬಿರುತ್ತದೆ, ನೆಟ್ಟಗೆ ಹಿಡಿದು ಇಳಿಸಿ. ಹೊಸ ಫಿಲ್ಟರಿನ ಜೊತೆ ಬರುವ ಓ-ರಿಂಗಿಗೆ ಹೊಸ ಆಯಿಲ್ ಸವರಿ ಕೂರಿಸಿ, 25 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಹಳೇ ಓ-ರಿಂಗ್ ಗಾಡಿಯಲ್ಲೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ. ಒಂದರ ಮೇಲೊಂದು ಎರಡು ಕೂತರೆ ಸ್ಟಾರ್ಟ್ ಮಾಡಿದ ಕ್ಷಣವೇ ಆಯಿಲ್ ಚಿಮ್ಮುತ್ತದೆ. ಡ್ರೈನ್ ಪ್ಲಗ್ಗಿಗೆ ಪ್ರತಿ ಸಲ ಹೊಸ ಅಲ್ಯೂಮಿನಿಯಂ ವಾಷರ್ ಹಾಕಿ 50 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಕೈಯ ಅಂದಾಜಿಗೆ ಬಿಗಿ ಮಾಡಿದರೆ ಸಂಪಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿಯ) ಥ್ರೆಡ್ ಹೋಗುತ್ತದೆ, ಅದು ಅಲ್ಯೂಮಿನಿಯಂ.

ಈ ಕಾರಿಗೆ ಡಿಪ್‌ಸ್ಟಿಕ್ ಇಲ್ಲ, ಬಹಳ ಜನ ಎಡವುವುದು ಇಲ್ಲೇ. ಮೊದಲು 7.5 ಲೀಟರ್ ಸುರಿದು, ಎಂಜಿನ್ ಸ್ಟಾರ್ಟ್ ಮಾಡಿ, ಸೋರಿಕೆ ನೋಡಿ, ಕಾರು ಕೆಳಗಿಳಿಸಿ. ಎಂಜಿನ್ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಇಗ್ನಿಷನ್ ಮಾತ್ರ ಆನ್ ಇಟ್ಟು ಡಿಸ್ಪ್ಲೇಯಲ್ಲಿ ಮಟ್ಟ ನೋಡಿ. ಆಯಿಲ್ ಕೆಳಗಿಳಿಯುವವರೆಗೆ ಡಿಸ್ಪ್ಲೇ ಮಟ್ಟ ತೋರಿಸದೆ ನಿಲ್ಲಿಸಿಕೊಳ್ಳುತ್ತದೆ, ಕಾಯಿರಿ. ಆಮೇಲೆ ಕಾಲು ಕಾಲು ಲೀಟರ್ ಸೇರಿಸುತ್ತಾ ಹೋಗಿ ಮೇಲಿನ ಗೆರೆಗೆ ಒಂದು ಪಟ್ಟಿ ಕಡಿಮೆ ಇರುವಾಗಲೇ ನಿಲ್ಲಿಸುತ್ತೇನೆ. ಹೆಚ್ಚಾದ ಆಯಿಲನ್ನು ಏರ್-ಆಯಿಲ್ ಸೆಪರೇಟರ್ (ಎಂಜಿನ್ನಿನ ಆವಿಯಿಂದ ಆಯಿಲ್ ಬೇರ್ಪಡಿಸುವ ಭಾಗ) ಇನ್‌ಟೇಕಿಗೆ ಎಳೆದುಕೊಳ್ಳುತ್ತದೆ, ಹಿಂದೆ ಹೊಗೆಯ ಮೋಡ ಏಳುತ್ತದೆ. ಮಟ್ಟ ಸರಿಯಿದ್ದೂ ಅಂಥ ಹೊಗೆ ಬಂದರೆ, ಆಯಿಲ್ ಮುಚ್ಚಳ ತೆಗೆಯಲಾಗದಷ್ಟು ಒಳಗಿನಿಂದ ಹೀರುತ್ತಿದ್ದರೆ ಸೆಪರೇಟರಿನ ಡಯಾಫ್ರಂ ಹರಿದಿದೆ ಎಂದೇ ತಿಳಿಯಬೇಕು.

ಇನ್ನು ಇಡೀ ಕೆಲಸದಲ್ಲಿ ಅತ್ಯಂತ ಬೆಲೆಯುಳ್ಳ ಭಾಗ: ಹಳೇ ಫಿಲ್ಟರ್. ಇದಕ್ಕಾಗಿಯೇ ಆಯಿಲ್ ಕೆಲಸವನ್ನು ಯಾರಿಗೂ ಬಿಟ್ಟುಕೊಡಬಾರದು ಎನ್ನುತ್ತೇನೆ. ಎರಡೂ ತುದಿಯ ಬಿಲ್ಲೆಯನ್ನು ಬ್ಲೇಡಿನಿಂದ ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿ ಹರಡಿ, ಆಯಿಲ್ ಬಸಿದ ಮೇಲೆ ಬಿಸಿಲಲ್ಲಿ ನೋಡಿ. ಮ್ಯಾಗ್ನೆಟ್ ಆಡಿಸಿ. ಅಂಟಿಕೊಳ್ಳುವ ಹೊಳೆಯುವ ಚೂರುಗಳು ಉಕ್ಕು. ಈ ಎಂಜಿನ್ನಿನಲ್ಲಿ ಅದು ಕ್ರ್ಯಾಂಕಿನ ತಿರುಗುವಿಕೆಯನ್ನು ಕ್ಯಾಮ್‌ಶಾಫ್ಟುಗಳಿಗೆ ಮುಟ್ಟಿಸುವ ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗ್ ಸವೆಯುತ್ತಿರುವ ಸೂಚನೆ ಆಗಿರಬಹುದು, ಕಾರು ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಅಂಟದ ಬೆಳ್ಳಿ ಬಣ್ಣದ ಪುಡಿ ಅಲ್ಯೂಮಿನಿಯಂ. ಕಂದು ಪ್ಲಾಸ್ಟಿಕ್ ಚೂರು ಚೈನಿನ ಗೈಡಿನದು, ಒಂದೆರಡು ಸಿಕ್ಕರೆ ಗಾಬರಿ ಬೇಡ, ಸಲಸಲಕ್ಕೂ ಹೆಚ್ಚಾದರೆ ಕೇಳಬೇಕಾದ ವಿಷಯ. ಪ್ರತಿ ಬಾರಿಯೂ ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಡಿ. ಒಂದು ಫಿಲ್ಟರಿಗಿಂತ ನಾಲ್ಕು ವರ್ಷದ ಫಿಲ್ಟರುಗಳು ಪಕ್ಕಪಕ್ಕ ಇದ್ದಾಗ ಹೆಚ್ಚು ಹೇಳುತ್ತವೆ. ಸರ್ವೀಸ್ ಸೆಂಟರಿನಲ್ಲಿ ಫಿಲ್ಟರ್ ನೇರ ಕಸಕ್ಕೆ ಹೋಗುತ್ತದೆ. ಅಲ್ಲಿ ಮಾಡಿಸುವವರು ಹಳೇ ಫಿಲ್ಟರ್ ವಾಪಸ್ ಬೇಕೆಂದು ಜಾಬ್ ಕಾರ್ಡಿನಲ್ಲೇ ಬರೆಸಿ.

997ರ ಮೊದಲ ವರ್ಷದ ಕೆಲವು ಕಾರುಗಳಲ್ಲಿ ಇದ್ದದ್ದು ಇದೇ ಶಾಫ್ಟಿನ ಹಳೇ ಚಿಕ್ಕ ಬೇರಿಂಗ್, ಗೇರ್‌ಬಾಕ್ಸ್ ಇಳಿಸಿ ಬದಲಿಸಬಹುದಿತ್ತು. ಆಮೇಲಿನ ದೊಡ್ಡ ಬೇರಿಂಗ್ ಹೆಚ್ಚು ಗಟ್ಟಿ, ಆದರೆ ಎಂಜಿನ್ ಹೊಟ್ಟೆ ಸೀಳದೆ ಹೊರಗೆ ಬರುವುದಿಲ್ಲ. ಈ ಎಂಜಿನ್ನಿಗೆ ಅದಕ್ಕಿಂತ ದೊಡ್ಡ ಶತ್ರು ಸಿಲಿಂಡರ್ ಗೀರು. ಸಿಲಿಂಡರಿನ ಗೋಡೆ ಲೋಕಾಸಿಲ್, ಎಂದರೆ ಅಲ್ಯೂಮಿನಿಯಂನಲ್ಲಿ ಸಿಲಿಕಾನ್ ಕಣ ಸೇರಿಸಿದ್ದು. ಪಿಸ್ಟನ್ನಿನ ಲೇಪ ಕಿತ್ತುಬಂದರೆ ಗೋಡೆ ಗೀರುತ್ತದೆ. ಒಂದೇ ಬದಿಯ ಸೈಲೆನ್ಸರ್ ತುದಿ ಹೆಚ್ಚು ಕಪ್ಪಾಗುವುದು, ಆಯಿಲ್ ಬೇಗ ಇಳಿಯುವುದು, ಬಿಸಿಯಾದ ಮೇಲೂ ನಿಲ್ಲದ ಟಕಟಕ ಸದ್ದು ಇದರ ಗುರುತು. ಸ್ಪಾರ್ಕ್ ಪ್ಲಗ್ ರಂಧ್ರದಿಂದ ಬೋರ್‌ಸ್ಕೋಪ್ (ತೆಳು ವೈರಿನ ಕ್ಯಾಮೆರಾ) ಇಳಿಸುವಾಗ ಪಿಸ್ಟನ್ ಕೆಳಗಿರಬೇಕು, ಇಲ್ಲದಿದ್ದರೆ ಗೀರಿದ ಭಾಗವೇ ಕಾಣುವುದಿಲ್ಲ.

ಸ್ಪಾರ್ಕ್ ಪ್ಲಗ್ ಬದಲಾವಣೆ ನಾಲ್ಕು ವರ್ಷಕ್ಕೊಮ್ಮೆ. ಹಿಂದಿನ ಚಕ್ರಗಳನ್ನು ತೆಗೆದು ಕೆಳಗಿನಿಂದ ತಲುಪಬೇಕು. ಜಾಗ ಸಾಲದವರು ಬಂಪರ್, ಸೈಲೆನ್ಸರ್ ಇಳಿಸಿದರೆ ಸುಲಭ. ಎಂಜಿನ್ ಪೂರ್ತಿ ತಣ್ಣಗಿರಬೇಕು. 16 ಮಿ.ಮೀ. ಪ್ಲಗ್ ಸಾಕೆಟ್, ಬೇರೆ ಬೇರೆ ಉದ್ದದ ಎಕ್ಸ್‌ಟೆನ್ಷನ್. ಪ್ಲಗ್ಗನ್ನು ಕೈಯಿಂದಲೇ ಸುತ್ತಿ ಶುರು ಮಾಡಿ, ಕೊನೆಗೆ 30 ನ್ಯೂಟನ್ ಮೀಟರ್. ಕಾಯಿಲ್ ಬೋಲ್ಟಿಗೆ 10. ಹೊರತೆಗೆದ ಕಾಯಿಲ್ ಮೈಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬದಲಿಸಿ, ಮಳೆಗಾಲದಲ್ಲಿ ಅದೇ ಮಿಸ್‌ಫೈರ್ (ಸಿಲಿಂಡರ್ ಸರಿಯಾಗಿ ಉರಿಯದಿರುವುದು) ಆಗುತ್ತದೆ. ಸ್ಕ್ಯಾನರಿನಲ್ಲಿ ಬರುವ ಪಿ0301ರಿಂದ ಪಿ0306ರವರೆಗಿನ ಮಿಸ್‌ಫೈರ್ ಕೋಡಿನ ಕೊನೆಯ ಅಂಕಿ ಸಿಲಿಂಡರಿನದು. ಆ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿ, ಕೋಡೂ ಜೊತೆಗೆ ಹೋದರೆ ತಪ್ಪು ಕಾಯಿಲಿನದೇ. ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಪ್ಲಗ್ ಟ್ಯೂಬಿನ ಓ-ರಿಂಗ್ ಗಟ್ಟಿಯಾಗಿದೆ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ಕಾರು ಓಡಿರಲಿ ಬಿಡಲಿ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಈ ಅಂತರ ಕಾಲಿಗೆ ತಿಳಿಯುತ್ತದೆ. ಪ್ರೆಷರ್ ಬ್ಲೀಡರನ್ನು (ಹೊಸ ಆಯಿಲನ್ನು ಒತ್ತಡದಿಂದ ತಳ್ಳುವ ಪಂಪು) 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ಇಟ್ಟು, ಬ್ರೇಕ್ ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ ಶುರು ಮಾಡಿ. ಅಮೆರಿಕದ ಮಾರ್ಗದರ್ಶಿಗಳು ಹಿಂದಿನ ಬಲ ಚಕ್ರ ಮೊದಲು ಎನ್ನುತ್ತವೆ, ಅದು ಎಡ ಸ್ಟೀರಿಂಗಿನ ಕಾರಿಗೆ. ನಮ್ಮಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಪ್ಯಾಡ್ ಒತ್ತುವ ಪ್ರತಿ ಕ್ಯಾಲಿಪರಿಗೂ ಹಳೇ ಆಯಿಲ್ ಹೊರಬಿಡುವ ಎರಡು ನಿಪ್ಪಲ್, ಹೊರಗಿನದು ಮೊದಲು. 11 ಮಿ.ಮೀ. ರಿಂಗ್ ಸ್ಪ್ಯಾನರ್, 14 ನ್ಯೂಟನ್ ಮೀಟರ್. ಕ್ಲಚ್ಚಿಗೂ ಕಾರಿನ ಇದೇ ಬ್ರೇಕ್ ಡಬ್ಬಿಯ ಆಯಿಲ್, ಅದನ್ನೂ ಬ್ಲೀಡ್ ಮಾಡಿ. ಡಬ್ಬಿ ಮಾತ್ರ ಬರಿದಾಗಬಾರದು. ಎಬಿಎಸ್ ಘಟಕದೊಳಗೆ ಗಾಳಿ ಹೋದರೆ ಟೆಸ್ಟರ್ ಇಲ್ಲದೆ ತೆಗೆಯುವುದು ಕಷ್ಟ. ಆಗ ಕಾರನ್ನು ಓಡಿಸದೆ ಟೋ ಮಾಡಿಸಿ ಸರ್ವೀಸ್ ಸೆಂಟರಿಗೆ ಕಳಿಸಬೇಕು. ಪೇಂಟಿನ ಮೇಲೆ ಹನಿ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಪ್ಯಾಡಿಗೆಂದು ಕ್ಯಾಲಿಪರ್ ಬಿಚ್ಚಿದರೆ ಹೊಸ ಬೋಲ್ಟ್, 85 ನ್ಯೂಟನ್ ಮೀಟರ್.

ಮುಂದಿನ ಬಂಪರಿನ ಎರಡು ಬಾಯಿಗಳಲ್ಲಿ ಎಸಿ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ನಮ್ಮ ಬೀದಿಯ ಮಳೆಮರದ ಎಲೆ, ಹೂವಿನ ಪಕಳೆ ಎಲ್ಲ ಆ ಸಂದಿಯಲ್ಲಿ ಸೇರಿ, ಒದ್ದೆಯಾಗಿ ಕೊಳೆತು ಕಂಡೆನ್ಸರನ್ನು ತಿನ್ನುತ್ತವೆ. ಮಳೆಗಾಲಕ್ಕೆ ಮುಂಚೆ ವ್ಯಾಕ್ಯೂಮ್ ಕ್ಲೀನರಿನ ತೆಳು ಮೂತಿಯಿಂದ ಎಳೆದು ತೆಗೆಯುತ್ತೇನೆ, ಎರಡು ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿ. ಹೈ ಪ್ರೆಷರ್ ನೀರು ಹೊಡೆದರೆ ಫಿನ್ ಮಡಿಚಿಕೊಳ್ಳುತ್ತವೆ.

ಸರ್ವೀಸ್ ಸೆಂಟರಿಗೆ ನಾನು ವರ್ಷಕ್ಕೊಮ್ಮೆ ಹೋಗುತ್ತೇನೆ, ಕೇಳುವ ಕೆಲಸವನ್ನು ಬರೆದುಕೊಂಡೇ ಹೋಗುತ್ತೇನೆ. ಪೋರ್ಷೆಯದೇ ಆದ ಪಿವಿಸ್ ಟೆಸ್ಟರಿನಲ್ಲಿ (ಕಾರಿನ ದೋಷದ ಕೋಡು ಓದುವ ಕಂಪ್ಯೂಟರ್) ಎಲ್ಲ ಕಂಟ್ರೋಲ್ ಯೂನಿಟ್ಟುಗಳ ಕೋಡು ಓದಿ ಪ್ರಿಂಟ್ ಕೊಡಬೇಕು. ಬಾಕಿ ಉಳಿದ ರೀಕಾಲ್ ಇದೆಯೇ ಎಂದು ಚಾಸಿ ನಂಬರಿನಿಂದ ನೋಡಬೇಕು. ವೀಲ್ ಅಲೈನ್‌ಮೆಂಟ್ ಅಳತೆಯ ಹಾಳೆ ಬೇಕು. ಹಳೇ ಕಾರು ಕೊಳ್ಳುವವರು ಇದೇ ಟೆಸ್ಟರಿನಲ್ಲಿ ಓವರ್-ರೆವ್ ದಾಖಲೆಯನ್ನೂ ಕೇಳಿ ಪಡೆಯಬೇಕು. ತಪ್ಪು ಗೇರಿಗೆ ಹಾಕಿ ಎಂಜಿನ್ನನ್ನು ಮಿತಿ ಮೀರಿ ತಿರುಗಿಸಿದ್ದರೆ ಅದು ಅಲ್ಲಿ ಉಳಿದಿರುತ್ತದೆ. ಇಷ್ಟು ಕೆಲಸಕ್ಕೆ ಅವರು ಕೇಳುವ ಹಣ ನ್ಯಾಯದ್ದೇ. ಎಸ್ಟಿಮೇಟಿನಲ್ಲಿ ಬೇರೆ ಭಾಗ ಬದಲಿಸಬೇಕೆಂದು ಬಂದರೆ ಲಿಫ್ಟಿನ ಕೆಳಗೆ ನಿಂತು ಆ ಭಾಗವನ್ನು ತೋರಿಸಲು ಹೇಳಿ. ಒಳ್ಳೆಯ ಅಡ್ವೈಸರ್ ಸಂತೋಷದಿಂದಲೇ ತೋರಿಸುತ್ತಾರೆ.

ಮನೆಯಲ್ಲಿ ಮಾಡಿದ ಪ್ರತಿ ಕೆಲಸಕ್ಕೂ ಒಂದು ಪುಟ: ದಿನಾಂಕ, ಕಿ.ಮೀ., ಪಾರ್ಟ್ ನಂಬರ್, ಹಾಕಿದ ಟಾರ್ಕ್, ಬಿಲ್ಲು, ಫೋಟೋ. ಇದಿಲ್ಲದ ಕಾರನ್ನು ಮಾರುವಾಗ ‘ಸರ್ವೀಸೇ ಆಗಿಲ್ಲ’ ಎಂದು ಬೆಲೆ ಇಳಿಸುತ್ತಾರೆ. ಹಳೇ ಆಯಿಲನ್ನು ಹೊಸ ಆಯಿಲಿನ ಖಾಲಿ ಕ್ಯಾನಿಗೇ ತುಂಬಿ, ಪರವಾನಗಿ ಇರುವ ರೀಸೈಕ್ಲರಿಗೆ ಆಯಿಲ್ ಕೊಡುವ ಗ್ಯಾರೇಜಿಗೆ ತಲುಪಿಸಿ. ಬೇಸ್‌ಮೆಂಟಿನ ಚರಂಡಿಗೆ ಒಂದು ಲೋಟ ಹೋದರೂ ಅದು ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ.