ಬಲೂನಿಗೆ ಹೈಡ್ರೋಜನ್: ಬಯಲಿನಲ್ಲೇ ಅನಿಲ ತಯಾರಿಸುವ ಸಲಕರಣೆಯನ್ನು ಪಳಗಿಸಿದ ಬಗೆ

350 ಗ್ರಾಂ ತೂಕದ ಲೇಟೆಕ್ಸ್ ಹವಾಮಾನ ಬಲೂನು, ಅದರ ಕೆಳಗೆ 150 ಗ್ರಾಂ ಉಪಕರಣ, ಸೆಕೆಂಡಿಗೆ ಐದು ಮೀಟರ್ ಆಸುಪಾಸಿನ ವೇಗದಲ್ಲಿ ಏರಲು ಇನ್ನೊಂದು 600 ಗ್ರಾಂ ಹೆಚ್ಚುವರಿ ಬಲ. ಒಟ್ಟು 1,100 ಗ್ರಾಂ ಎತ್ತಬೇಕು. ಅದಕ್ಕೆ ಸುಮಾರು ಒಂದು ಘನ ಮೀಟರ್ ಹೈಡ್ರೋಜನ್ ಸಾಕು. ವಾಹನ ಹೋಗುವ ಜಾಗವಾದರೆ ಸಿಲಿಂಡರ್ ಒಯ್ದರಾಯಿತು. ಕಾಲುದಾರಿಯಲ್ಲಿ ಐವತ್ತು ಕಿಲೋಗೂ ಮೀರಿದ ಉಕ್ಕಿನ ಸಿಲಿಂಡರನ್ನು ಹೊರುವುದು ಆಗದ ಮಾತು. ವಿದ್ಯುತ್ತಿನಿಂದ ನೀರನ್ನು ಒಡೆಯೋಣವೆಂದರೆ ಒಂದು ಘನ ಮೀಟರಿಗೆ ಸುಮಾರು 5 ಯೂನಿಟ್ ವಿದ್ಯುತ್ ಬೇಕು. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 1.2 ಯೂನಿಟ್ ಮಾತ್ರ, ಅಂದರೆ ನಾಲ್ಕೈದು ಬ್ಯಾಟರಿ ಹೊರಬೇಕು. ಕ್ಯಾಲ್ಸಿಯಂ ಹೈಡ್ರೈಡ್‌ಗೆ ನೀರು ಬಿಟ್ಟು ಬೇರೇನೂ ಬೇಡ, ಆದರೆ ದುಬಾರಿ, ತೇವ ತಾಗದಂತೆ ಕಾಯುವುದೂ ಕಷ್ಟ. ಹೀಗಾಗಿ ನಾವು ಅಲ್ಯೂಮಿನಿಯಂ ಮತ್ತು ಕಾಸ್ಟಿಕ್ ಸೋಡಾ ದಾರಿ ಹಿಡಿದೆವು.

ಲೆಕ್ಕ ಸರಳ. 54 ಗ್ರಾಂ ಅಲ್ಯೂಮಿನಿಯಂ ಕರಗಿದರೆ 6 ಗ್ರಾಂ ಹೈಡ್ರೋಜನ್ ಬರುತ್ತದೆ. ಒಂದು ಕಿಲೋಗೆ 111 ಗ್ರಾಂ, 25 ಡಿಗ್ರಿಯಲ್ಲಿ ಸುಮಾರು 1.36 ಘನ ಮೀಟರ್. ಅಷ್ಟು ಅಲ್ಯೂಮಿನಿಯಂ ಕರಗಲು 1.5 ಕಿಲೋ ಕಾಸ್ಟಿಕ್ ಸೋಡಾ ಬೇಕು. ಅದನ್ನು 12 ಲೀಟರ್ ನೀರಿನಲ್ಲಿ ಕರಗಿಸಿದರೆ ಶೇ. 11ರ ದ್ರಾವಣ. ಕಾಗದದ ಮೇಲೆ ಇಷ್ಟೇ. ಅನಿಲ ಹುಟ್ಟಿಸುವುದು ಎಂದೂ ತೊಂದರೆ ಕೊಡಲಿಲ್ಲ. ಅದರ ಜೊತೆ ಹುಟ್ಟುವ ಶಾಖವನ್ನೂ ಹಬೆಯನ್ನೂ ಎಲ್ಲಿಗೆ ಕಳಿಸುವುದು ಎಂಬುದರಲ್ಲೇ ಕೆಲಸವೆಲ್ಲ ಇತ್ತು.

ಮೊದಲ ಸಲಕರಣೆ ಹೀಗಿತ್ತು: 25 ಲೀಟರಿನ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ, ಬೋಲ್ಟು ಹಾಕಿ ಬಿಗಿಯುವ ಮುಚ್ಚಳ, ಒಂದು ಹೊರಪೈಪು, ನೀರಿನೊಳಗೆ ಗುಳ್ಳೆಯಾಗಿ ಹಾಯುವ ಒಂದು ತೊಳೆಯುವ ಡಬ್ಬ, ಅಲ್ಲಿಂದ ನೇರ ಬಲೂನು. ಅಲ್ಯೂಮಿನಿಯಂ ಪೂರಾ ಒಳಗೆ ಹಾಕಿ ದ್ರಾವಣ ಸುರಿದು ಮುಚ್ಚುವುದು. ಮೊದಲ ಕೆಲವು ನಿಮಿಷ ಏನೂ ಆಗುವುದಿಲ್ಲ, ಲೋಹದ ಮೇಲಿನ ಆಕ್ಸೈಡ್ ಪದರ ಕರಗಬೇಕು. ಆಮೇಲೆ ಬಿಸಿ ಏರಿದಂತೆ ವೇಗ, ವೇಗ ಏರಿದಂತೆ ಬಿಸಿ. ಸ್ವಲ್ಪ ಹೊತ್ತಿಗೆ ಪಾತ್ರೆ ಕುದಿಯುತ್ತಿತ್ತು, ನೊರೆ ಪೈಪಿಗೆ ಏರಿ ತೊಳೆಯುವ ಡಬ್ಬ ಕಪ್ಪಾಗುತ್ತಿತ್ತು.

ಏಕೆ ಎಂದು ಲೆಕ್ಕ ಹಾಕಿದರೆ ಅಚ್ಚರಿಯೇನಿಲ್ಲ. ಒಂದು ಕಿಲೋ ಅಲ್ಯೂಮಿನಿಯಂ ಸುಮಾರು 16 ಮೆಗಾಜೂಲ್ ಶಾಖ ಬಿಡುತ್ತದೆ. ನಲವತ್ತು ನಿಮಿಷದಲ್ಲಿ ಮುಗಿಸಿದರೆ ಆರು ಕಿಲೋವ್ಯಾಟಿಗೂ ಹೆಚ್ಚು, ನಾಲ್ಕು ದೊಡ್ಡ ನೀರು ಕಾಯಿಸುವ ಕಾಯಿಲ್‌ಗಳನ್ನು ಒಂದೇ ಪಾತ್ರೆಗೆ ಇಳಿಬಿಟ್ಟ ಹಾಗೆ. ಆ 12 ಲೀಟರ್ ದ್ರಾವಣ 30 ಡಿಗ್ರಿಯಿಂದ ಕುದಿಗೆ ಬರಲು ಮೂರೂವರೆ ಮೆಗಾಜೂಲ್ ಸಾಕು. ಕಾಲು ಭಾಗ ಲೋಹ ಕರಗುವಷ್ಟರಲ್ಲೇ ಕುದಿ ಖಚಿತ.

ಮೊದಲ ತಿದ್ದುಪಡಿ ಲೋಹದ ಆಕಾರದಲ್ಲಿ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಎಲ್ಲ ಕಡೆ ಸಿಗುತ್ತದೆಂದು ಬಳಸಬೇಡಿ. 15 ಮೈಕ್ರಾನ್ ಹಾಳೆ ಒಂದು ಕಿಲೋ ಎಂದರೆ ಹತ್ತಿರ ಹತ್ತಿರ 50 ಚದರ ಮೀಟರ್ ಮೈ. ಅಷ್ಟೇ ತೂಕದ 1 ಮಿ.ಮೀ. ತಗಡಿಗೆ ಮುಕ್ಕಾಲು ಚದರ ಮೀಟರೂ ಇಲ್ಲ. ವೇಗ ನಿರ್ಧಾರವಾಗುವುದು ಈ ಮೈಯಿಂದ. ಕಿಟಕಿ ಚೌಕಟ್ಟಿನ ದಪ್ಪ ತುಂಡುಗಳಾದರೆ ಎರಡು ಗಂಟೆ ಕಾದರೂ ಮುಗಿಯುವುದಿಲ್ಲ. 60ರಿಂದ 70 ಡಿಗ್ರಿಯಲ್ಲಿ ಮುಕ್ಕಾಲು ಗಂಟೆಯ ಕೆಲಸಕ್ಕೆ 1 ಮಿ.ಮೀ. ತಗಡೇ ಸರಿ. ನಾಲ್ಕೈದು ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ ಅಲೆಯಂತೆ ಬಗ್ಗಿಸಿ. ಚಪ್ಪಟೆಯಾಗಿ ಬಿಟ್ಟರೆ ಒಂದಕ್ಕೊಂದು ಅಂಟಿಕೊಂಡು ಅರ್ಧ ಮೈ ಕೆಲಸಕ್ಕೆ ಬರುವುದಿಲ್ಲ. ಲೇತಿನ ಸುರುಳಿ ಬೇಡ: ಅದಕ್ಕೆ ಅಂಟಿರುವ ಕತ್ತರಿಸುವ ಎಣ್ಣೆ ಕಾಸ್ಟಿಕ್‌ನೊಂದಿಗೆ ಸಾಬೂನಿನಂತೆ ನೊರೆ ಎಬ್ಬಿಸುತ್ತದೆ. ಬಣ್ಣ ಬಳಿದ ಡಬ್ಬಗಳೂ ಬೇಡ.

ಎರಡನೆಯದು, ಮತ್ತು ಎಲ್ಲಕ್ಕಿಂತ ದೊಡ್ಡದು: ಲೋಹವನ್ನು ದ್ರಾವಣದಿಂದ ಹೊರಗೆಳೆಯುವ ವ್ಯವಸ್ಥೆ. ಮುಚ್ಚಳದ ನಡುವೆ ಟೆಫ್ಲಾನ್ ಹಗ್ಗ ತುಂಬಿದ ಗ್ಲ್ಯಾಂಡ್ (ಸರಳು ಜಾರಿದರೂ ಅನಿಲ ಸೋರದಂತೆ ತಡೆಯುವ ಬಿಗಿ ಕೊರಳು), ಅದರೊಳಗೆ ಜಾರುವ 8 ಮಿ.ಮೀ. ಸ್ಟೇನ್‌ಲೆಸ್ ಸರಳು, ಸರಳಿನ ತುದಿಗೆ ಜಾಲರಿ ಬುಟ್ಟಿ. ಬುಟ್ಟಿ ಮೇಲಿದ್ದರೆ ಪ್ರತಿಕ್ರಿಯೆ ನಿಲ್ಲುತ್ತದೆ, ಇಳಿಸಿದರೆ ನಡೆಯುತ್ತದೆ. ಮುಚ್ಚಳದಲ್ಲಿ ಥರ್ಮಾಮೀಟರಿಗೂ ಒಂದು ಕೊಳವೆ ಇಟ್ಟು, 70 ಡಿಗ್ರಿ ಮುಟ್ಟಿದರೆ ಎತ್ತುವುದು, 60ಕ್ಕೆ ಇಳಿದರೆ ಮತ್ತೆ ಬಿಡುವುದು. 3 ಮಿ.ಮೀ. ಕಣ್ಣಿನ ಜಾಲರಿ ಹಾಕಿದಾಗ ಕೊನೆಯ ಹೊತ್ತಿಗೆ ತೆಳುವಾದ ಚೂರುಗಳು ತಳಕ್ಕೆ ಉದುರಿ, ಬುಟ್ಟಿ ಎತ್ತಿದರೂ ಅನಿಲ ನಿಲ್ಲುತ್ತಿರಲಿಲ್ಲ. ಒಳಗೆ 1 ಮಿ.ಮೀ. ಜಾಲರಿಯ ಇನ್ನೊಂದು ಪದರ ಹೊಲಿದ ಮೇಲೆ ಅದು ಬಹುಮಟ್ಟಿಗೆ ಹತೋಟಿಗೆ ಬಂತು. ಪಾತ್ರೆಯಲ್ಲಿ ದ್ರಾವಣ ಅರ್ಧದಷ್ಟೇ ಇರಲಿ. ಮೇಲಿನ ಅರ್ಧ ನೊರೆಗೂ ಎತ್ತಿದ ಬುಟ್ಟಿಗೂ ಬೇಕು.

ಪಾತ್ರೆಯನ್ನು ತಣ್ಣೀರಿನ ಬಾನಿಯಲ್ಲಿ ಇಡಬೇಕು. 60 ಲೀಟರ್ ನೀರಿದ್ದರೆ ಆ 16 ಮೆಗಾಜೂಲ್ ಎಲ್ಲವನ್ನೂ 64 ಡಿಗ್ರಿ ಏರಿಕೆಯೊಂದಿಗೆ ನುಂಗುತ್ತದೆ. ಅಂದರೆ ಕೊನೆಗೆ ಬಾನಿಯೇ 90ರ ಹತ್ತಿರ. ಆದ್ದರಿಂದ ನಡುವೆ ಒಮ್ಮೆ ನೀರು ಬದಲಿಸಲೇಬೇಕು. ಕೆರೆ ತೊರೆಗಳ ನೀರು ಧಾರಾಳ ಸಾಕು, ಕೆಸರಿದ್ದರೂ ಚಿಂತೆಯಿಲ್ಲ. ಬಾನಿಯನ್ನು ಸುಮ್ಮನೆ ಬಿಟ್ಟರೆ ಮೇಲಿನ ಪದರ ಸುಡುತ್ತಿರುತ್ತದೆ, ತಳ ತಣ್ಣಗೇ ಇರುತ್ತದೆ, ಒಳಗಿನ ಥರ್ಮಾಮೀಟರ್ ಏರುತ್ತಲೇ ಹೋಗುತ್ತದೆ. ಒಂದು ಮರದ ಹುಟ್ಟಿನಿಂದ ಬಾನಿಯ ನೀರನ್ನು ಆಗಾಗ ಕಲಕುವುದರಿಂದ ಸಿಗುವಷ್ಟು ಲಾಭ ಯಾವ ದುಬಾರಿ ಭಾಗದಿಂದಲೂ ನಮಗೆ ಸಿಗಲಿಲ್ಲ.

ಈಗ ಹಬೆಯ ವಿಷಯ. ಇಲ್ಲೇ ಹೆಚ್ಚಿನವರು ಮೋಸಹೋಗುತ್ತಾರೆ. 80 ಡಿಗ್ರಿಯ ಪಾತ್ರೆಯಿಂದ ಹೊರಡುವ ಅನಿಲದಲ್ಲಿ ಹತ್ತಿರ ಹತ್ತಿರ ಅರ್ಧ ಗಾತ್ರ ನೀರಾವಿಯೇ. 60 ಡಿಗ್ರಿಯಲ್ಲಿ ಐದರಲ್ಲೊಂದು ಪಾಲು, 30 ಡಿಗ್ರಿಗೆ ತಂದರೆ ಶೇ. 4. ಬಿಸಿ ಅನಿಲ ನೇರ ಒಳಹೋದರೆ ಬಲೂನು ಬೇಗ ಉಬ್ಬುತ್ತದೆ, ನೋಡಲು ತುಂಬಿದಂತೆ ಕಾಣುತ್ತದೆ. ಕಾಲು ಗಂಟೆ ಬಿಟ್ಟರೆ ಸೊರಗಿ, ಒಳಗೆ ನೀರು ಹನಿಯುತ್ತದೆ. 60 ಡಿಗ್ರಿಯ ಒಂದು ಘನ ಮೀಟರ್ ತೇವ ಅನಿಲದಲ್ಲಿ 130 ಗ್ರಾಂ ನೀರಿರುತ್ತದೆ. ತಣಿದಾಗ ಅದರಲ್ಲಿ ನೂರು ಗ್ರಾಂ ಬಲೂನಿನೊಳಗೇ ಭಾರವಾಗಿ ಕೂರುತ್ತದೆ. 1783ರ ಆಗಸ್ಟ್ 27ರಂದು ಪ್ಯಾರಿಸ್ಸಿನಲ್ಲಿ ಜಾಕ್ ಶಾರ್ಲ್ ಮೊದಲ ಹೈಡ್ರೋಜನ್ ಬಲೂನನ್ನು ಹಾರಿಸುವ ಮೊದಲೂ ಇದೇ ಕಾಟವಿತ್ತು: ಕಬ್ಬಿಣದ ಚೂರು ಮತ್ತು ಗಂಧಕಾಮ್ಲದಿಂದ ಬಂದ ಬಿಸಿ ಅನಿಲ ಸೀಸದ ಕೊಳವೆಗಳಲ್ಲಿ ನೇರ ಬಲೂನಿಗೆ ಹೋಗಿ, ತಣಿದು ಕುಗ್ಗುತ್ತಿತ್ತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಥ್ಯಾಡಿಯಸ್ ಲೋ ಗಾಡಿಗಳ ಮೇಲೆ ಕಟ್ಟಿಸಿದ ಅನಿಲ ಯಂತ್ರಗಳಿಗೆ ತಣಿಸುವ ಪೆಟ್ಟಿಗೆಯೂ ಸುಣ್ಣದ ಶೋಧಕವೂ ಜೊತೆಗಿದ್ದವು.

ನಮ್ಮ ಅನಿಲದ ದಾರಿ ಈಗ ಹೀಗಿದೆ. ಪಾತ್ರೆಯಿಂದ ಮೊದಲು 3 ಲೀಟರಿನ ಖಾಲಿ ಡಬ್ಬ. ನೊರೆ, ಹನಿ, ಏನು ಬಂದರೂ ಅಲ್ಲಿ ಬೀಳಲಿ. ಅಲ್ಲಿಂದ 12 ಮಿ.ಮೀ. ತಾಮ್ರದ ಕೊಳವೆ 6 ಮೀಟರ್, ಸುರುಳಿಯಾಗಿ 15 ಲೀಟರ್ ನೀರಿನ ಬಕೆಟ್ಟಿನೊಳಗೆ. ಅದರ ಕೆಳತುದಿ ಬಕೆಟ್ಟಿನ ತಳದಿಂದ ಹೊರಬಂದು ಇನ್ನೊಂದು ಖಾಲಿ ಡಬ್ಬಕ್ಕೆ. ಆಮೇಲೆ 5 ಸೆಂ.ಮೀ. ನೀರಿನೊಳಗೆ ಗುಳ್ಳೆಯಾಗಿ ಹಾಯುವ ತೊಳೆಯುವ ಡಬ್ಬ, ಕೊನೆಗೆ ವಾಲ್ವು ಮತ್ತು ಬಲೂನು. ತೊಳೆಯುವ ನೀರಿಗೆ ಸ್ವಲ್ಪ ಸಿಟ್ರಿಕ್ ಆಮ್ಲ ಹಾಕಿದರೆ ಕಾಸ್ಟಿಕ್‌ನ ಮಂಜು ಅಲ್ಲೇ ಸಾಯುತ್ತದೆ. ಬಲೂನಿನ ಬಾಯಿಯಲ್ಲಿ ತೇವದ ಅರಿಶಿನ ಕಾಗದ ಹಿಡಿದು ನೋಡಿ. ಕೆಂಪಾದರೆ ಮಂಜು ದಾಟುತ್ತಿದೆ, ಲೇಟೆಕ್ಸ್ ಕೆಡುತ್ತದೆ.

ಸುರುಳಿ ಎಲ್ಲೂ ಮೇಲೇರದೆ ಒಂದೇ ಸಮನೆ ಇಳಿಯಬೇಕು. ಒಂದು ಸುತ್ತು ಜೋತುಬಿದ್ದರೂ ಆ ಹೊಂಡದಲ್ಲಿ ನೀರು ನಿಂತು ಅನಿಲಕ್ಕೆ ಅಡ್ಡಗಟ್ಟುತ್ತದೆ. ಕೊಳವೆ ಗೊರಗುಡುತ್ತದೆ, ಒತ್ತಡ ಏರಿ ಇಳಿದು ಕುಣಿಯುತ್ತದೆ. ಕೊಳವೆ ಸಣ್ಣದಾಯಿತೆಂದು ನಾವು ಮೊದಲು ತಪ್ಪು ತಿಳಿದೆವು. ನಿಮಿಷಕ್ಕೆ 30 ಲೀಟರ್ ಹೈಡ್ರೋಜನ್ 10 ಮಿ.ಮೀ. ಒಳವ್ಯಾಸದ ಆರು ಮೀಟರ್ ಕೊಳವೆಯಲ್ಲಿ ಹರಿಯಲು ಒಂದು ಸೆಂ.ಮೀ. ನೀರಿನಷ್ಟು ಒತ್ತಡ ಸಾಕು. ತಡೆ ಇದ್ದದ್ದು ನಿಂತ ನೀರಿನಿಂದ. ಸುತ್ತುಗಳನ್ನು ಮೂರು ಮರದ ಪಟ್ಟಿಗಳಿಗೆ ಕಟ್ಟಿ ಇಳಿಜಾರು ಕಾಯ್ದ ಮೇಲೆ ಗೊರಗುಟ್ಟುವಿಕೆ ನಿಂತಿತು.

ಎರಡು ಖಾಲಿ ಡಬ್ಬಗಳಲ್ಲಿ ಸಿಕ್ಕ ನೀರನ್ನು ಅಳೆಯುವುದು ಒಳ್ಳೆಯ ರೂಢಿ. 60 ಡಿಗ್ರಿಯಲ್ಲಿ ನಡೆಸಿದ್ದರೆ ಒಂದು ಬಲೂನಿಗೆ 200 ಮಿಲಿಲೀಟರ್ ಆಸುಪಾಸು, 80ರಲ್ಲಿ ನಡೆಸಿದ್ದರೆ ಮುಕ್ಕಾಲು ಲೀಟರ್. ಥರ್ಮಾಮೀಟರ್ ಏನೇ ಹೇಳಲಿ, ಡಬ್ಬದ ನೀರು ನಿಜ ಹೇಳುತ್ತದೆ.

ಒತ್ತಡಕ್ಕೆ ಲೋಹದ ಸುರಕ್ಷತಾ ವಾಲ್ವನ್ನು ನಾವು ನಂಬುವುದಿಲ್ಲ, ಕಾಸ್ಟಿಕ್ ಕಟ್ಟಿಕೊಂಡು ಅಂಟಿ ಕೂರುತ್ತದೆ. ಮೊದಲ ಖಾಲಿ ಡಬ್ಬದಿಂದ ಒಂದು ಅಗಲ ಕವಲು ಪೈಪು ತೆಗೆದು 40 ಸೆಂ.ಮೀ. ಆಳದ ನೀರಿನಲ್ಲಿ ಅದ್ದಿಟ್ಟಿದ್ದೇವೆ. ಮುಂದೆ ಎಲ್ಲಿ ಕಟ್ಟಿಕೊಂಡರೂ ಅನಿಲ ಅಲ್ಲಿಂದ ಗುಳುಗುಳು ಹೊರಹೋಗುತ್ತದೆ. ಬಲೂನು ತುಂಬುವ ಒತ್ತಡ, ತೊಳೆಯುವ ಡಬ್ಬ ಎಲ್ಲ ಸೇರಿ 20 ಸೆಂ.ಮೀ. ದಾಟುವುದಿಲ್ಲ. ಮುಗಿದ ಮೇಲೆ ಉಲ್ಟಾ ಅಪಾಯ: ಪಾತ್ರೆ ತಣಿದು ಹಬೆ ನೀರಾದಾಗ ಒಳಗೆ ಎಳೆತ ಹುಟ್ಟಿ, ತೊಳೆಯುವ ನೀರು ಹಿಂದಕ್ಕೆ ಓಡುತ್ತದೆ. ಎರಡನೆಯ ಖಾಲಿ ಡಬ್ಬ ಅದನ್ನು ಹಿಡಿಯಲೆಂದೇ ಇದೆ. ಆದರೂ ಬಲೂನಿನ ವಾಲ್ವು ಮುಚ್ಚಿದ ಕೂಡಲೇ ಬಯಲಿಗೆ ಬಿಡುವ ಪೈಪನ್ನು ತೆರೆಯಬೇಕು.

ಭಾಗಗಳ ಆಯ್ಕೆಯಲ್ಲಿ ಕೆಲವು ತಪ್ಪುಗಳು ದುಬಾರಿ. ಸತು ಲೇಪಿಸಿದ ಪೈಪು, ಅಲ್ಯೂಮಿನಿಯಂ ಜೋಡಣೆ ಎರಡನ್ನೂ ಕಾಸ್ಟಿಕ್ ತಿಂದುಹಾಕುತ್ತದೆ. ಪಿವಿಸಿ ಪೈಪು 60 ಡಿಗ್ರಿಗೆ ಮೆತ್ತಗಾಗುತ್ತದೆ. ಗ್ಯಾಸ್ಕೆಟ್ಟಿಗೆ ಇಪಿಡಿಎಂ ರಬ್ಬರ್ ಒಳ್ಳೆಯದು. ಬೆಲೆ ಹೆಚ್ಚೆಂದು ವೈಟಾನ್ ರಬ್ಬರ್ ಹಾಕಿದರೆ ಕ್ಷಾರದಲ್ಲಿ ಅದು ಬಾಳುವುದಿಲ್ಲ. ಸಿಲಿಕೋನ್ ಪೈಪಿನ ಗೋಡೆಯ ಮೂಲಕವೇ ಹೈಡ್ರೋಜನ್ ಸೋರುತ್ತದೆ.

ಗಾಳಿಯಲ್ಲಿ ಶೇ. 4ರಿಂದ 75ರವರೆಗೆ ಎಷ್ಟಿದ್ದರೂ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಸಾಕು. ಹಗಲಲ್ಲಿ ಅದರ ಜ್ವಾಲೆಯೂ ಕಾಣುವುದಿಲ್ಲ. ಶುರುವಿನಲ್ಲಿ ಪಾತ್ರೆ, ಡಬ್ಬಗಳ ತುಂಬ ಇರುವುದು ಗಾಳಿ. ನಮ್ಮಲ್ಲಿ ಆ ಖಾಲಿ ಜಾಗ 20 ಲೀಟರ್. ಅದರ ಐದು ಪಟ್ಟು, ಅಂದರೆ 100 ಲೀಟರ್, ಹೊರಗೆ ಹೋಗುವವರೆಗೆ ಬಲೂನು ಜೋಡಿಸುವುದಿಲ್ಲ. ಆಗ ಉಳಿಯುವ ಗಾಳಿ ಶೇ. 1ಕ್ಕಿಂತ ಕಡಿಮೆ. ಕೆಲಸ ಬಯಲಿನಲ್ಲೇ, ಮೇಲೆ ಚಾವಣಿಯಿಲ್ಲದೆ. ಪಾತ್ರೆ, ಸುರುಳಿ, ಬಲೂನಿನ ನಳಿಕೆ ಮೂರನ್ನೂ ತಂತಿಯಿಂದ ಜೋಡಿಸಿ ನೆಲದ ಗೂಟಕ್ಕೆ ಕಟ್ಟಿ. ಹತ್ತಿ ಬಟ್ಟೆ ತೊಡಿ, ಬಲೂನನ್ನು ಕೈಯಿಂದ ಉಜ್ಜಬೇಡಿ, ಜೇಬಿನ ಫೋನು ದೂರವಿರಲಿ. ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಉದ್ದ ರಬ್ಬರ್ ಕೈಗವಸು, ಪಕ್ಕದಲ್ಲಿ 10 ಲೀಟರ್ ಶುದ್ಧ ನೀರು ಇಲ್ಲದೆ ಕಾಸ್ಟಿಕ್ ಡಬ್ಬದ ಮುಚ್ಚಳ ತೆರೆಯಲೇಬೇಡಿ.

ಕಾಸ್ಟಿಕ್ಕನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಅದರ ಮೇಲೆ ನೀರು ಸುರಿಯಬಾರದು. ಕರಗುವಾಗಲೇ ದ್ರಾವಣ 30 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಮೊದಲು ಅದನ್ನು ತಣಿಸಿ ಬಳಸುತ್ತಿದ್ದೆವು. ಚಳಿಯ ಬೆಳಗಿನಲ್ಲಿ ಪ್ರತಿಕ್ರಿಯೆ ಏಳದೆ, ಬೇಸರಕ್ಕೆ ಪೂರ್ತಿ ಬುಟ್ಟಿ ಇಳಿಸಿ, ಆಮೇಲೆ ಒಮ್ಮೆಲೇ ಉಕ್ಕುತ್ತಿತ್ತು. ಈಗ ಬಿಸಿಯಿರುವಾಗಲೇ ಬುಟ್ಟಿಯ ತುದಿಯನ್ನಷ್ಟೇ ಅದ್ದುತ್ತೇವೆ. ಎರಡು ಮೂರು ನಿಮಿಷದಲ್ಲಿ ಗುಳ್ಳೆ ಶುರು, ಹೊಂದಿಕೊಂಡು ಇಳಿಸುತ್ತಾ ಹೋಗುವುದು.

ಸಲಕರಣೆ ಸುಧಾರಿಸಿತೋ ಇಲ್ಲವೋ ಎಂದು ಗಾತ್ರದಿಂದ ಅಳೆಯಬೇಡಿ. ಸುತ್ತಳತೆ 3.9 ಮೀಟರ್ ಆದರೆ ಒಂದು ಘನ ಮೀಟರ್ ಎಂಬುದು ಸರಿ, ಆದರೆ ಅದರಲ್ಲಿ ಹಬೆ ಎಷ್ಟು, ಗಾಳಿ ಎಷ್ಟು ಎಂದು ಟೇಪು ಹೇಳದು. ಬಲೂನಿನ ಬಾಯಿಗೆ ನೀರಿನ ಬಾಟಲಿ ಕಟ್ಟಿ, ಮೇಲೂ ಏಳದೆ ಕೆಳಗೂ ಬೀಳದೆ ತೇಲುವಷ್ಟು ನೀರು ಹಾಕಿ ತೂಗಿ. ಬಲೂನಿನ ತೂಕ ಕೂಡಿಸಿ. ಗಾಳಿಯಿಲ್ಲದ ಮುಂಜಾನೆಯಲ್ಲೇ ಈ ಅಳತೆ ಸಾಧ್ಯ. ಒಂದು ಗ್ರಾಂ ಹೈಡ್ರೋಜನ್ 13.4 ಗ್ರಾಂ ಎತ್ತುತ್ತದೆ, ಬೆಟ್ಟದ ಮೇಲಾದರೂ ಕಡಲ ದಂಡೆಯಲ್ಲಾದರೂ ಇದು ಬದಲಾಗದು. ಹಾಗಾಗಿ ಒಂದು ಕಿಲೋ ಅಲ್ಯೂಮಿನಿಯಂಗೆ ಗರಿಷ್ಠ 1,500 ಗ್ರಾಂ. ಹೊರಬಿಡುವ ಮೊದಲ ಅನಿಲಕ್ಕೆ ನೂರು ಚಿಲ್ಲರೆ ಗ್ರಾಂ ಹೋಗುತ್ತದೆ. 1,300 ಬಂದರೆ ಎಲ್ಲ ಸರಿಯಿದೆ. ಸಾವಿರಕ್ಕೆ ಇಳಿದರೆ ಮೊದಲು ಗ್ಲ್ಯಾಂಡಿಗೆ ಸಾಬೂನು ನೀರು ಹಚ್ಚಿ ಸೋರಿಕೆ ನೋಡಿ, ಆಮೇಲೆ ಸುರಕ್ಷತೆಯ ಪೈಪಿನಲ್ಲಿ ಗುಳ್ಳೆ ಹೋಗುತ್ತಿತ್ತೇ ಎಂದು ಯೋಚಿಸಿ.

ಉಳಿದ ಬೂದು ದ್ರಾವಣವನ್ನು ನೆಲಕ್ಕೋ ತೊರೆಗೋ ಚೆಲ್ಲುವಂತಿಲ್ಲ, ಅದು ಇನ್ನೂ ಚರ್ಮ ಸುಡುವಷ್ಟು ಕ್ಷಾರ. ಪಾತ್ರೆಯಲ್ಲೇ ಒಂದೆರಡು ದಿನ ಬಿಟ್ಟರೆ ಬಿಳಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ತಳದಲ್ಲಿ ಗಟ್ಟಿಯಾಗಿ ಕೂತು, ಕೆರೆದು ತೆಗೆಯುವುದೇ ದೊಡ್ಡ ಕೆಲಸವಾಗುತ್ತದೆ. ಬೆಚ್ಚಗಿರುವಾಗಲೇ ದಪ್ಪ ಪ್ಲಾಸ್ಟಿಕ್ ಕ್ಯಾನಿಗೆ ಬಸಿದು, ವಾಪಸು ಒಯ್ದು, ಆಮ್ಲದಿಂದ ನಿಧಾನವಾಗಿ ತಟಸ್ಥಗೊಳಿಸಬೇಕು. ಆ ಕ್ಯಾನಿನ ಮುಚ್ಚಳದಲ್ಲಿ ಒಂದು ತೂತಿರಲಿ: ತಳಕ್ಕಿಳಿದ ಸಣ್ಣ ಚೂರುಗಳು ರಾತ್ರಿಯಿಡೀ ಅನಿಲ ಬಿಡುತ್ತಲೇ ಇರುತ್ತವೆ, ಬಿಗಿಯಾಗಿ ಮುಚ್ಚಿದ ಕ್ಯಾನು ಬೆಳಗಾಗುವಷ್ಟರಲ್ಲಿ ಉಬ್ಬಿ ನಿಂತಿರುತ್ತದೆ.