ಕಾಣದ ಕೂಲಂಟ್ ಲೀಕ್ ಹಿಡಿದ ಬಗೆ: ನನ್ನ ಅನುಭವ

ನನ್ನ ಕಾರಿನ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಟ್ಯಾಂಕ್‌ನಲ್ಲಿ ಮಟ್ಟ ಮಿನ್ ಗೆರೆಗಿಂತ ಕೆಳಗೆ ಹೋಗಿತ್ತು. ತುಂಬಿಸಿದೆ. ಕೆಲವು ದಿನ ಕಳೆದು ನೋಡಿದರೆ ಮತ್ತೆ ಇಳಿದಿತ್ತು. ಆದರೆ ಕಾರು ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಇಲ್ಲ.

ಹೀಗಾದಾಗ ಆಗಾಗ ತುಂಬಿಸಿಕೊಂಡು ಓಡಿಸುವವರೇ ಜಾಸ್ತಿ. ನನಗೆ ಅದು ಸರಿ ಕಾಣುವುದಿಲ್ಲ. ಕೂಲಂಟ್ ಕಡಿಮೆಯಾಗಿ ಇಂಜಿನ್ ಒಂದು ಸಲ ಅತಿಯಾಗಿ ಕಾದರೂ ಸಾಕು, ಇಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ ಬಾಗಬಹುದು. ಆಮೇಲೆ ಆಗುವ ಖರ್ಚು ಯಾರಿಗೂ ಬೇಡ.

ಮೊದಲು ದೊಡ್ಡ ಅನುಮಾನಗಳನ್ನು ಮುಗಿಸಿಕೊಂಡೆ. ಹೆಡ್ ಮತ್ತು ಇಂಜಿನ್ ಬ್ಲಾಕ್ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಬಹುದು, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರಬಹುದು, ಟ್ಯಾಂಕ್‌ನಲ್ಲಿ ಗುಳ್ಳೆ ಏಳುತ್ತಲೇ ಇರಬಹುದು. ಯಾವುದೂ ಇರಲಿಲ್ಲ. ಹೀಟರ್ ಕೋರ್ (ಕಾರಿನ ಒಳಗೆ ಬಿಸಿ ಗಾಳಿ ಕೊಡುವ ಚಿಕ್ಕ ರೇಡಿಯೇಟರ್) ಸೋರಿದರೆ ಕಾರಿನ ಒಳಗೆ ಸಿಹಿ ವಾಸನೆ ಬರುತ್ತದೆ, ಮುಂದಿನ ಗಾಜಿಗೆ ಜಿಡ್ಡು ಮಂಜು ಹಿಡಿಯುತ್ತದೆ, ಕಾಲಡಿಯ ಮ್ಯಾಟ್ ಒದ್ದೆಯಾಗುತ್ತದೆ. ಅದೂ ಇಲ್ಲ. ಹಾಗಾದರೆ ಹೊರಗೇ ಎಲ್ಲೋ ಸೋರುತ್ತಿರಬೇಕು, ಅಲ್ವಾ?

ನೆಲಕ್ಕೆ ಬೀಳದಿರಲು ಕಾರಣವಿದೆ. ಸಣ್ಣ ಲೀಕ್ ಹಲವು ಸಲ ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತದೆ. ಆಗ ಇಂಜಿನ್ ಕಾದಿರುತ್ತದೆ, ಹೊರಬಂದ ಹನಿ ಅಲ್ಲೇ ಆರಿಹೋಗುತ್ತದೆ. ನೀರು ಹಾರಿಹೋದರೂ ಬಣ್ಣ ಉಳಿಯುತ್ತದೆ. ಅದಕ್ಕೇ ನಾನು ಒದ್ದೆ ಹುಡುಕಲಿಲ್ಲ, ಕಲೆ ಹುಡುಕಿದೆ.

ಕಲೆ ಸಿಕ್ಕಿತು. ಮೇಲಿನ ರೇಡಿಯೇಟರ್ ಹೋಸ್‌ನ ತುದಿಯಲ್ಲಿ, ಬೆಲ್ಟ್ ಕವರ್ ಮೇಲೆ ಗುಲಾಬಿ ಚುಕ್ಕೆಗಳು. ನೋಡಿದ ಕೂಡಲೇ ಹೋಸ್ ಬದಲಾಯಿಸಬೇಕು ಅನ್ನಿಸುವಂತಿತ್ತು. ಆದರೆ ಚುಕ್ಕೆಗಳು ಬಿದ್ದಿದ್ದ ರೀತಿ ಬೇರೆ ಹೇಳುತ್ತಿತ್ತು. ಹರಿದು ಇಳಿದ ಗೆರೆ ಇರಲಿಲ್ಲ, ಎಲ್ಲ ಸಿಡಿದ ಹಾಗಿತ್ತು. ತಿರುಗುವ ಭಾಗವೊಂದು ಎರಚಿರಬೇಕು.

ಎಲ್ಲವನ್ನೂ ಒರೆಸಿ ಒಣಗಿಸಿ ಪ್ರೆಶರ್ ಟೆಸ್ಟರ್ ಹಾಕಿದೆ. ಕೈಪಂಪ್, ಒಂದು ಮೀಟರ್, ಮುಚ್ಚಳದ ಜಾಗಕ್ಕೆ ಕೂರುವ ಅಡಾಪ್ಟರ್, ಅಷ್ಟೇ ಅದು. ಇಂಜಿನ್ ಪೂರ್ತಿ ತಣ್ಣಗಿರಲೇಬೇಕು. ಬಿಸಿ ಇರುವಾಗ ಒಳಗಿನ ಕೂಲಂಟ್ 100 ಡಿಗ್ರಿ ದಾಟಿದ್ದರೂ ಒತ್ತಡದಿಂದಾಗಿ ಕುದಿಯದೆ ನಿಂತಿರುತ್ತದೆ. ಮುಚ್ಚಳ ತೆಗೆದರೆ ಕುದ್ದು ಮುಖಕ್ಕೇ ಚಿಮ್ಮುತ್ತದೆ. ನನ್ನ ಮುಚ್ಚಳದ ಮೇಲೆ 1.1 ಬಾರ್ ಅಂತ ಇತ್ತು. ಅಷ್ಟಕ್ಕೇ ಪಂಪ್ ಮಾಡಿದೆ. ಅದಕ್ಕಿಂತ ಜಾಸ್ತಿ ಒತ್ತಡ ಕೊಟ್ಟರೆ ಚೆನ್ನಾಗಿರುವ ಹೋಸೂ ಹಾಳಾಗಬಹುದು.

ಮುಳ್ಳು ನಿಧಾನವಾಗಿ ಇಳಿಯತೊಡಗಿತು. ಟಾರ್ಚ್ ಮತ್ತು ಚಿಕ್ಕ ಕನ್ನಡಿ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದೆ. ಹೋಸ್ ತುದಿ ಒಣಗಿತ್ತು. ಥರ್ಮೋಸ್ಟಾಟ್ ಹೌಸಿಂಗ್ ಒಣಗಿತ್ತು. ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಕೂಡುವ ಅಂಚೂ ಒಣಗಿತ್ತು. ಕನ್ನಡಿಯನ್ನು, ಕೂಲಂಟನ್ನು ಇಂಜಿನ್ ಒಳಗೆ ಸುತ್ತಿಸುವ ವಾಟರ್ ಪಂಪ್ ಪುಲ್ಲಿಯ ಹಿಂದಕ್ಕೆ ಹಿಡಿದಾಗ ಸಣ್ಣ ತೂತೊಂದರ ಸುತ್ತ ಉಪ್ಪು ಕಟ್ಟಿದ ಹಾಗೆ ಗುಲಾಬಿ ಪೊರೆ ಕಂಡಿತು. ನೋಡುತ್ತಿದ್ದ ಹಾಗೇ ತೂತಿನ ಬಾಯಲ್ಲಿ ಒಂದು ಹನಿ ಊದಿಕೊಂಡಿತು, ತುಂಬಾ ಹೊತ್ತು ನಿಂತಿತು, ಆಮೇಲೆ ಜಾರಿತು.

ಅದು ವೀಪ್ ಹೋಲ್. ಪಂಪ್‌ನ ಸೀಲ್‌ಗೂ ಬೇರಿಂಗ್‌ಗೂ ನಡುವೆ ಬೇಕಂತಲೇ ಬಿಟ್ಟಿರುವ ತೂತು. ಸೀಲ್ ಸೋತರೆ ಕೂಲಂಟ್ ಬೇರಿಂಗ್‌ಗೆ ನುಗ್ಗದೆ ಇಲ್ಲಿಂದ ಹೊರಬರಲಿ ಅಂತ. ಇದನ್ನು ಮುಚ್ಚುವ ಯೋಚನೆ ಯಾರೂ ಮಾಡಬೇಡಿ, ಬೇರಿಂಗ್ ಹೋಗುತ್ತದೆ. ಲೀಕ್ ನಿಲ್ಲಿಸುವ ಪುಡಿಯನ್ನೂ ನಾನು ಹಾಕುವುದಿಲ್ಲ. ಅದು ಹೀಟರ್ ಕೋರ್‌ನ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳಬಹುದು.

ಪಂಪ್ ಮತ್ತು ಗ್ಯಾಸ್ಕೆಟ್ ಹೊಸದು ಹಾಕಿದೆ. ಕೂಲಂಟ್ ಕುಡಿದಿದ್ದ ಬೆಲ್ಟನ್ನೂ ಬದಲಾಯಿಸಿದೆ. ಕೂಲಂಟ್ ಆರಿಸುವಾಗ ಬಣ್ಣ ನಂಬಬೇಡಿ, ಮ್ಯಾನುವಲ್‌ನಲ್ಲಿ ಹೇಳಿದ ಬಗೆಯನ್ನೇ ಹಾಕಿ. ನಾನು ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿದೆ. ಇಳಿಸಿದ ಹಳೆಯ ಕೂಲಂಟನ್ನು ತಕ್ಷಣ ಕ್ಯಾನ್‌ಗೆ ತುಂಬಿ ಮುಚ್ಚಿದೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಎಂಬ ವಿಷ ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸ್ವಲ್ಪವೇ ಸಾಕು ಪ್ರಾಣ ಹೋಗಲು.

ಮತ್ತೆ 1.1 ಬಾರ್ ಕೊಟ್ಟು ನೋಡಿದೆ, ಮುಳ್ಳು ಕದಲಲಿಲ್ಲ. ಹೀಟರ್ ಪೂರ್ತಿ ಬಿಸಿಗಿಟ್ಟು ಇಂಜಿನ್ ಓಡಿಸಿ ಒಳಗಿನ ಗಾಳಿ ತೆಗೆದೆ. ಇಂಜಿನ್ ತಣ್ಣಗಾದ ಮೇಲೆ ಟ್ಯಾಂಕ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದೆ. ಉಳಿದಿದ್ದ ಗಾಳಿ ಹೊರಬಿದ್ದು ಮೊದಲು ಸ್ವಲ್ಪ ಇಳಿಯಿತು, ಅಷ್ಟನ್ನು ತುಂಬಿಸಿದೆ. ಆಮೇಲೆ ಗೆರೆ ಬಿಟ್ಟು ಇಳಿದಿಲ್ಲ.